ಓಲ್ವೆನ್ ಪಕ್ಕ ನಿಂತ ನಾಯಿ

ರಾಡ್ನರ್ ಗುಡ್ಡಗಳ ಕಡೆ ಬೇಟೆಯ ಸ್ಪೇನಿಯಲ್ ನಾಯಿಗಳನ್ನು ಪಳಗಿಸುವುದರಲ್ಲಿ ಓಲ್ವೆನ್ ಪ್ರೊಸರ್‌ಳನ್ನು ಮೀರಿಸುವವರಿಲ್ಲವೆಂದು ಅವಳನ್ನು ಕಂಡರಾಗದವರೂ ಒಪ್ಪುತ್ತಿದ್ದರು. ಅಪ್ಪ ಜಮೀನುದಾರರ ಬೇಟೆಕಾಡಿನ ಕಾವಲುಗಾರ. ಅವಳು ನಡೆಯಲು ಕಲಿತದ್ದೇ ನಾಯಿಗಳ ಬೆನ್ನು ಹಿಡಿದು. ಮದುವೆಯ ಮಾತು ಒಂದೆರಡು ಸಲ ಬಂದು, ಶನಿವಾರ ನಾಯಿಗಳ ಪಂದ್ಯವಿದೆ ಎಂಬ ಕಾರಣಕ್ಕೇ ಮುರಿದುಬಿದ್ದಿತ್ತು. ಅರವತ್ತರ ಹತ್ತಿರ ಬಂದಾಗ ಉಳಿದಿದ್ದು ಒಂದೇ ಆಸೆ: ತನ್ನ ಕೈಯ ಒಂದು ನಾಯಿ ಚಾಂಪಿಯನ್ ಆಗಬೇಕು.

ಅದೊಂದು ಮಾತ್ರ ಆಗುತ್ತಿರಲಿಲ್ಲ. ಪಂದ್ಯದಲ್ಲಿ ನಾಯಿ ಪೊದೆ ಜಾಲಾಡಿ ಹಕ್ಕಿ ಎಬ್ಬಿಸಬೇಕು, ಗುಂಡು ಸಿಡಿದೊಡನೆ ಕೂತುಬಿಡಬೇಕು, ಹೇಳಿದ ಮೇಲಷ್ಟೇ ಬಿದ್ದ ಹಕ್ಕಿಯನ್ನು ಮೆತ್ತಗೆ ಕಚ್ಚಿ ತರಬೇಕು. ಇದೆಲ್ಲ ಓಲ್ವೆನ್‌ಳ ನಾಯಿಗಳಿಗೆ ನೀರು ಕುಡಿದಷ್ಟು ಸಲೀಸು. ಆದರೆ ಸರದಿಗೆ ಕಾಯುತ್ತ ನಿಂತಾಗ ಅವು ಕುಂಯ್‌ಗುಡುತ್ತಿದ್ದವು. ಸದ್ದು ಮಾಡಿದ ನಾಯಿಗೆ ಪಂದ್ಯದಲ್ಲಿ ಜಾಗವಿಲ್ಲ.

"ರಕ್ತವೇ ಸರಿಯಿಲ್ಲ" ಎನ್ನುತ್ತ ಅವಳು ಒಂದೊಂದಾಗಿ ನಾಯಿಗಳನ್ನು ಯಾರಿಗೋ ಕೊಟ್ಟುಬಿಟ್ಟಳು. ಕೊನೆಗೆ ಬೇರೆಯದೇ ತಳಿಯಿಂದ ಟೆಗ್ ಎಂಬ ಹೆಣ್ಣುಮರಿ ತಂದಳು. ಅಂಥ ಮೂಗು, ಅಂಥ ಓಟ ಅವಳು ಕಂಡಿರಲೇ ಇಲ್ಲ. ಮೊದಲ ಪಂದ್ಯದಲ್ಲೇ ಟೆಗ್ ಕುಂಯ್ ಎಂದಿತು.

"ಮಿಸ್ ಪ್ರೊಸರ್, ಹಗ್ಗ ಹಾಕಿಬಿಡಿ. ಥ್ಯಾಂಕ್ಸ್" ಎಂದರು ತೀರ್ಪುಗಾರರು.

"ಏನ್ ಓಲ್ವೆನ್, ಭಾನುವಾರದ್ ಭಜನೆ ಶನಿವಾರಾನೇ ಶುರು ಮಾಡಿಸ್ದ್ಯಾ?" ಎಂದು ಹಿಂದಿನಿಂದ ಯಾರೋ ನಕ್ಕರು.

ಓಲ್ವೆನ್ ಟೆಗ್‌ನ ಬಾಯಿಗೆ ಪಟ್ಟಿ ಕಟ್ಟಿದಳು, ಊಟ ತಪ್ಪಿಸಿದಳು, ಮಳೆಯಲ್ಲಿ ಗಂಟೆಗಟ್ಟಲೆ ನಿಲ್ಲಿಸಿದಳು. ಮನೆಯಲ್ಲಿ ಕಲ್ಲಿನಂತೆ ಕೂರುವ ನಾಯಿ ಪಂದ್ಯದ ಬಯಲಿಗೆ ಬಂದರೆ ಮತ್ತದೇ.

ಜನವರಿಯ ದೊಡ್ಡ ಪಂದ್ಯಕ್ಕೆ ಅರ್ಹತೆ ಪಡೆಯಲು ಕೊನೆಯ ಅವಕಾಶ ಉಳಿದಿದ್ದಾಗ ಅವಳು ಮಂಜುಗಟ್ಟಿದ ಅಂಗಳದಲ್ಲಿ ಜಾರಿ ಕಾಲು ಮುರಿದುಕೊಂಡಳು. ತಮ್ಮ ಇಡ್ವಾಲ್‌ನನ್ನು ಕರೆಸಿದಳು. ಅವನು ಕುರಿ ಸಾಕುವವನು.

"ಟೆಗ್‌ನ ನೀನೇ ಓಡಿಸ್ಬೇಕು."

"ನಾನಾ? ಅಲ್ಲೆಲ್ಲಾ ನಿಂತ್ಕೊಂಡ್ರೆ ನನ್ ಮರ್ಯಾದೆ ಏನಾಗ್ಬೇಕೇ?"

"ನಾಯಿಗೆ ಎಲ್ಲಾ ಗೊತ್ತು. ನೀನ್ ಸೀಟಿ ಊದು, ಸಾಕು."

ಓಲ್ವೆನ್ ಜೀಪಿನೊಳಗೆ ಕೂತು ಗಾಜು ಇಳಿಸಿ ನೋಡಿದಳು. ಇಡ್ವಾಲ್ ಮಿಠಾಯಿ ಜಗಿಯುತ್ತ ಪಕ್ಕದವನ ಜೊತೆ ಟಗರಿನ ಬೆಲೆ ಮಾತಾಡುತ್ತಿದ್ದ. ಟೆಗ್ ಅವನ ಕಾಲಿಗೆ ಒರಗಿ ತೂಕಡಿಸುತ್ತಿತ್ತು. ಸರದಿ ಬಂದಾಗ ಎದ್ದು ಹೋಗಿ ಬಯಲನ್ನೇ ಗುಡಿಸಿದ ಹಾಗೆ ಓಡಿತು. ಉಸಿರೂ ಕೇಳಿಸಲಿಲ್ಲ. ಸಂಜೆ ಮೊದಲ ಬಹುಮಾನ ಅದಕ್ಕೇ ಬಂತು.

ಓಲ್ವೆನ್ ಊರುಗೋಲು ಹಿಡಿದು ಕುಂಟುತ್ತ ಹತ್ತಿರ ಹೋದಳು. ಅವಳನ್ನು ಕಂಡದ್ದೇ ಟೆಗ್‌ನ ಮೈ ಬಿಗಿಯಿತು. ಕುಂಯ್ ಎಂದಿತು.

"ನಿನ್ನ ನೋಡಿ ಖುಷಿ ಅದಕ್ಕೆ" ಎಂದ ಇಡ್ವಾಲ್.

"ಖುಷಿ ಅಲ್ಲ ಕಣೋ." ಅವಳ ತುಟಿ ಬಿಳಿಚಿತ್ತು. "ಅಲ್ ನಿಂತಾಗ ನೀನೇನ್ ಯೋಚ್ನೆ ಮಾಡ್ತಿದ್ದೆ?"

"ಏನಿಲ್ಲ. ಚಹಾ ಯಾವಾಗ ಸಿಗತ್ತೋ ಅಂತ."

ಕೊಟ್ಟುಬಿಟ್ಟ ನಾಯಿಗಳೆಲ್ಲ ಅವಳಿಗೆ ಒಂದೊಂದಾಗಿ ನೆನಪಾದವು. ಹೊಸ ಯಜಮಾನರ ಬಳಿ ಅವು ಸದ್ದೇ ಮಾಡುವುದಿಲ್ಲವೆಂದು ಕೇಳಿದ್ದಳು, ನಂಬಿರಲಿಲ್ಲ.

ಜನವರಿಗೆ ಕಾಲು ಕೂಡಿಕೊಂಡಿತು. "ಈ ಸಲಾನೂ ನಾನೇ ಹೋಗ್ಲಾ?" ಎಂದು ಇಡ್ವಾಲ್ ಮೆಲ್ಲಗೆ ಕೇಳಿದ.

"ಬೇಡ" ಎಂದಳು. ತಪ್ಪು ನಾಯಿಯದಲ್ಲವೆಂದು ಗೊತ್ತಿದ್ದೂ ಹೋದಳು. ಸಾಲಿನಲ್ಲಿ ನಿಂತು ಚಹಾದ ಬಗ್ಗೆ ಯೋಚಿಸಲು ನೋಡಿದಳು, ಮಿಠಾಯಿ ಬಾಯಿಗೆ ಹಾಕಿಕೊಂಡಳು. ಎದೆಬಡಿತ ಅವಳ ಮಾತು ಕೇಳಲಿಲ್ಲ. ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಬಿಗಿದುಕೊಂಡಳು. ಟೆಗ್ ತಲೆಯೆತ್ತಿ ಅವಳ ಮುಖ ನೋಡಿತು. ಸಣ್ಣ ದನಿ ಹೊರಟಿತು. ತೀರ್ಪುಗಾರರು ತಿರುಗುವ ಮೊದಲೇ ಅವಳು ನಾಯಿಯನ್ನು ಕರೆದುಕೊಂಡು ಹೊರನಡೆದಳು.

ಆ ವಸಂತದಲ್ಲಿ ಟೆಗ್ ಇಡ್ವಾಲ್‌ನ ಮನೆ ಸೇರಿತು. ಮುಂದಿನ ವರ್ಷ ಚಾಂಪಿಯನ್ನೂ ಆಯಿತು. ಓಲ್ವೆನ್ ನೋಡಲು ಹೋಗಲಿಲ್ಲ. ಆಮೇಲೂ ಮರಿಗಳನ್ನು ಪಳಗಿಸಿದಳು, ಪಳಗಿದ್ದನ್ನು ಬೇರೆಯವರ ಕೈಗೆ ಒಪ್ಪಿಸಿದಳು. ಪಂದ್ಯದ ದಿನಗಳಲ್ಲಿ ನಾಯಿಗೂಡು ತೊಳೆಯುತ್ತ, ಯಾರಾದರೂ ಫಲಿತಾಂಶ ಹೇಳಲು ಬಂದರೆ ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸುತ್ತಿದ್ದಳು.