ಕನ್ನಡಕ ತೆಗೆದಿಟ್ಟು ಹೊಲಿದವರು

ಆ ಕನ್ನಡಕ ಹಾಕಿಕೊಂಡರೆ ಟೈಲರ್ ಮಾವನ ಕಣ್ಣು ಎರಡರಷ್ಟು ದೊಡ್ಡದಾಗಿ ಕಾಣುತ್ತಿತ್ತು. ಸೋಡಾ ಬಾಟಲಿಯ ತಳದಂಥ ದಪ್ಪ ಗಾಜು. ಏನನ್ನೋ ಕಂಡು ಬೆರಗಾದವರ ಹಾಗೆ ಸದಾ ತೋರುತ್ತಿದ್ದರು. ಪಾಪ, ಅವರಿಗೆ ಕಾಣುತ್ತಿದ್ದದ್ದು ಅಷ್ಟಕ್ಕಷ್ಟೆ.

ತೊಂಬತ್ತರ ದಶಕದಲ್ಲಿ ಕೂನೂರಿನ ಪಕ್ಕ, ಮಿಲಿಟರಿ ದಂಡಿರುವ ವೆಲ್ಲಿಂಗ್ಟನ್ ಬಜಾರಿನ ಹಿಂದಿನ ಲೈನ್ ಮನೆಗಳಲ್ಲಿ ನಾನು ಬಾಡಿಗೆಗಿದ್ದೆ. ಅಲ್ಲೇ ಒಂದು ಶಾಲೆಯಲ್ಲಿ ಟೀಚರು. ಪಕ್ಕದ ಕೋಣೆ ಮಾವನದು. ಸಂಬಂಧವೇನಿಲ್ಲ, ಹಾಗೆ ಕರೆಯುತ್ತಿದ್ದೆ ಅಷ್ಟೆ. ಗುಂಡ್ಲುಪೇಟೆ ಕಡೆಯಿಂದ ಬಂದು, ಸಿಪಾಯಿಗಳ ಸಮವಸ್ತ್ರ ಹೊಲಿಯುವ ಸರ್ಕಾರಿ ಕೆಲಸದಲ್ಲಿ ತಲೆ ನರೆತು ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಕೋಣೆಯಲ್ಲಿದ್ದದ್ದು ಒಂದು ಹೊಲಿಗೆ ಯಂತ್ರ, ಪ್ಲಾಸ್ಟಿಕ್ ಕವರಿನಲ್ಲಿಟ್ಟ ನಿವೃತ್ತರ ಆಸ್ಪತ್ರೆ ಕಾರ್ಡು. ಕಾರ್ಡಿನ ಬಗ್ಗೆ ಬಹಳ ಜಂಬ. "ಸಂಬಳದಾಗೆ ಹಿಡ್ಕೊಂಡವ್ರೆ ಕನವ್ವ, ಪುಕ್ಕಟೆ ಅಲ್ಲ ಇದು," ಎನ್ನುತ್ತಿದ್ದರು. ಬಿಪಿ ಮಾತ್ರೆ ಮಾತ್ರ ಯಾವಾಗ ಹೋದರೂ ಆಸ್ಪತ್ರೆಯಲ್ಲಿ ಇರುತ್ತಿರಲಿಲ್ಲ. ಪಿಂಚಣಿ ಮೆಡಿಕಲ್ ಶಾಪಿನ ದಾರಿ ಹಿಡಿಯುತ್ತಿತ್ತು.

ಪೊರೆ ಬಂದು ಎರಡೂ ಕಣ್ಣು ಮಂಜಾದಾಗ ಕಾರ್ಡು ಹಿಡಿದು ಹೊರಟರು. ಜೊತೆಗೊಬ್ಬರು ಬರಲೇಬೇಕು ಎಂದು ಆಸ್ಪತ್ರೆಯವರು ಹೇಳಿದ್ದರಂತೆ. ಅವರಿಗೆ ಯಾರಿದ್ದರು? ನಾನು ಹೋದೆ. ಕೌಂಟರಿನವನು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ, "ಆಪರೇಷನ್ ಫ್ರೀ ತಾತಾ. ಲೆನ್ಸ್ ಮಟ್ಟುಂ ವೆಳಿಯಿಲ ವಾಂಗಣುಂ," ಎಂದ. ಕಣ್ಣೊಳಗೆ ಕೂರಿಸುವ ಲೆನ್ಸನ್ನು ನಾವೇ ಹೊರಗೆ ಕೊಳ್ಳಬೇಕಂತೆ. ನಾನು ಕೊಡಿಸುತ್ತೇನೆ ಎಂದೆ.

"ಬ್ಯಾಡ ಬುಡವ್ವ. ಹೊಲ್ದ ಕೂಲಿ ಬುಟ್ರೆ ಒಬ್ರ ಕೈಲಿ ಈಸ್ಕೊಂಡೋನಲ್ಲ ನಾನು. ಲೆನ್ಸ್ ಇಲ್ದೆನೇ ಕುಯ್ಲಿ. ದಪ್ಪ ಕನ್ನಡಕ ಕೊಡ್ತಾರಂತೆ."

ಎಷ್ಟು ಹೇಳಿದರೂ ಜಗ್ಗಲಿಲ್ಲ.

ಕಣ್ಣು ವಾಸಿಯಾಗಿ ಕನ್ನಡಕ ಬಂದಮೇಲೆ ಮೊದಲು ಹೊಲಿದದ್ದು ನನ್ನ ರವಿಕೆ. ಹೊಲಿಗೆ ಕೂನೂರಿನ ಘಾಟಿ ರಸ್ತೆಯ ಹಾಗೆ ಬಳುಕಿತ್ತು. ಆ ದಪ್ಪ ಗಾಜಿನಲ್ಲಿ ನೆಟ್ಟಗಿನ ಗೆರೆ ಬಾಗಿ ಕಾಣುತ್ತದೆಂದು ಆಮೇಲೆ ಗೊತ್ತಾಯಿತು. ಕಣ್ಣಿಗೆ ಕಂಡ, ಬಟ್ಟೆಯಲ್ಲಿಲ್ಲದ ಬಾಗನ್ನು ಅವರು ಹೊಲಿಯುತ್ತಲೇ ತಿದ್ದಿಬಿಟ್ಟಿದ್ದರು. ಹೊಲಿಗೆಯ ಮೇಲೆ ಹೆಬ್ಬೆರಳು ಓಡಿಸಿದರು.

"ಕಣ್ಗೆ ನೆಟ್ಗದೆ, ಬೆರಳ್ಗೆ ಸೊಟ್ಗದೆ. ಯಾರ್ ಮಾತ ನಂಬ್ಲವ್ವ?"

"ಬೆರಳೇ ಸರಿ ಮಾವ," ಎಂದೆ.

ಅವರು ಕನ್ನಡಕ ತೆಗೆದು ಕಿಟಕಿಯಲ್ಲಿಟ್ಟರು. ಹೊಲಿಗೆ ಬಿಚ್ಚಿ, ಬಟ್ಟೆಯ ಅಂಚಿಗೆ ಬೆರಳು ಕೊಟ್ಟುಕೊಂಡು ಮತ್ತೆ ಹೊಲಿದರು. ನೆಟ್ಟಗೆ ಬಂತು. ಅಂದಿನಿಂದ ಹೊಲಿಯುವಾಗ ಕನ್ನಡಕ ಕಿಟಕಿಯಲ್ಲೇ ಇರುತ್ತಿತ್ತು. ಆದರೆ ಸೂಜಿಗೆ ನೂಲು ಪೋಣಿಸಲು ಬೆರಳೊಂದೇ ಸಾಲದಲ್ಲ. ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ನಾನು ಪೋಣಿಸಿಟ್ಟು ಹೋಗುತ್ತಿದ್ದೆ.

ಸುದ್ದಿ ಬಜಾರಿಗೆ ಹರಡಿತ್ತು. ಕಣ್ಣು ಕಾಣದ ಟೈಲರ್ ಕೈಗೆ ಯಾರು ಬಟ್ಟೆ ಕೊಡುತ್ತಾರೆ? ಆದರೂ ಯಂತ್ರದ ಸದ್ದು ನಿಲ್ಲಲಿಲ್ಲ. ಒಂದು ಸಂಜೆ ಇಣುಕಿ ನೋಡಿದರೆ ನೂಲು ತುಂಡಾಗಿತ್ತು, ಸೂಜಿಯಡಿ ಬಟ್ಟೆಯೂ ಇರಲಿಲ್ಲ; ಬರಿದೇ ತುಳಿಯುತ್ತಿದ್ದರು. "ಕಾಲ್ ಸುಮ್ಕಿರಕಿಲ್ಲ ಕನವ್ವ. ಸದ್ದಿದ್ರೆ ಮನೇಲಿ ಯಾರೋ ಅವ್ರೆ ಅನ್ಸ್ತದೆ." ಮರುದಿನದಿಂದ ನನ್ನ ಹಳೇ ಸೀರೆಗಳನ್ನೆಲ್ಲ ದಿಂಬಿನ ಚೀಲ ಮಾಡಲು ತಂದುಕೊಟ್ಟೆ. ನನಗೇನು ಅಷ್ಟೊಂದು ದಿಂಬಿದ್ದವೇ?

ವಾರದ ಕೊನೆಗೆ ಅಮ್ಮನನ್ನು ನೋಡಲು ಮಸಿನಗುಡಿಗೆ ಹೋಗುತ್ತಿದ್ದೆ. ವಾಪಸು ಬರುವಷ್ಟರಲ್ಲಿ ನೂಲು ಎಲ್ಲೋ ತುಂಡಾಗಿರುತ್ತಿತ್ತು, ಮಾವ ಬಾಗಿಲಲ್ಲಿ ಕಾಯುತ್ತಿದ್ದರು. ಇಬ್ಬನಿ ಹೆಪ್ಪುಗಟ್ಟುವ ದಿನಗಳಲ್ಲಿ ಒಂದು ಸಲ ಬಂದಾಗ ಬಾಗಿಲಲ್ಲಿ ಯಾರೂ ಇರಲಿಲ್ಲ, ಬಾಗಿಲು ಚಿಲಕ ಹಾಕದೆ ಮುಚ್ಚಿತ್ತು. ಗೋಡೆಗೆ ಮುಖ ಮಾಡಿ ಮಲಗಿದ್ದರು, ಕೈ ತಣ್ಣಗಿತ್ತು. ನಾನಿಲ್ಲದ ಆ ಎರಡು ದಿನ ಅವರ ಮನೆಯಿಂದ ಸದ್ದು ಬರಲಿಲ್ಲವೆಂದು ಯಾರಿಗೂ ಅನ್ನಿಸಿರಲಿಲ್ಲ.

ಕನ್ನಡಕ ಕಿಟಕಿಯಲ್ಲಿತ್ತು. ಯಂತ್ರದ ಸೂಜಿಯಲ್ಲಿ ನಾನು ಶುಕ್ರವಾರ ಪೋಣಿಸಿಟ್ಟ ನೂಲು ಹಾಗೇ ಇತ್ತು.