ಐಲೀನ್ ಆರಿಸಿದ ಕಾವಲಿ

ಐಲೀನ್ ಹ್ಯಾಡ್ರಿಕ್ ಕುರಿ ಉಣ್ಣೆ ಕತ್ತರಿಸುವ ತಂಡಕ್ಕೆ ಅಡುಗೆ ಮಾಡಿ ಹಾಕುತ್ತ ಡಾರ್ಲಿಂಗ್ ನದಿಯ ಎರಡೂ ದಡದ ಕೊಟ್ಟಿಗೆಗಳನ್ನು ಸುತ್ತಿದವಳು. ಗಂಡ ತೀರಿಕೊಂಡ ಮೇಲೆ ಬಾಡಿಗೆ ಮನೆ ಬಿಟ್ಟು, ಬಟ್ಟೆಬರೆ, ಕಾವಲಿಗಳು, ಒಂದು ಮುದಿ ನಾಯಿ ಇಷ್ಟನ್ನೇ ಕಟ್ಟಿಕೊಂಡು ಹೊರಟವಳಿಗೆ ಈಗ ತಂಡವೇ ಮನೆ. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಊಟದ ಮನೆಗೆ ಕೊಳಕು ಬೂಟು ಹಾಕಿಕೊಂಡು ಬಂದವನಿಗೆ ಆ ದಿನ ಪುಡಿಂಗ್ ಇಲ್ಲ.

ಆದರೆ ಉಣ್ಣೆ ಕತ್ತರಿಸುವವರ ಪದ್ಧತಿಯಲ್ಲಿ ಅಡುಗೆಯವರನ್ನು ಇಟ್ಟುಕೊಳ್ಳುವುದೂ ಕಳಿಸುವುದೂ ಉಣ್ಣುವವರ ಕೈಯಲ್ಲೇ. ಅವರು ಕೂತು ಬೇಡವೆಂದು ಮತ ಹಾಕಿದರೆ ಅಂದೇ ಗಂಟು ಕಟ್ಟಬೇಕು. ಹಾಗೆ ಹೊರಬಿದ್ದವಳ ಸುದ್ದಿ ಅವಳಿಗಿಂತ ಮೊದಲೇ ಮುಂದಿನ ಕೊಟ್ಟಿಗೆ ತಲುಪುತ್ತದೆ. ಆಮೇಲೆ ಅವಳನ್ನು ಯಾರೂ ಕರೆಯುವುದಿಲ್ಲ.

ಆ ವರ್ಷ ಕುರಾಬಾ ಎಂಬ ಕುರಿ ಸಾಕಣೆ ಕೇಂದ್ರದ ಯಜಮಾನ ದೊಡ್ಡ ಮನಸ್ಸು ಮಾಡಿ ಹಳೆಯ ಸೌದೆ ಒಲೆ ಕೀಳಿಸಿ ಗಾಜಿನ ಮೈಯ ಕರೆಂಟ್ ಒಲೆ ಹಾಕಿಸಿದ್ದ. ಸೌದೆಯ ಉರಿಗೆ ಕಾವಲಿಯ ತಳ ಹೇಗಿದ್ದರೂ ನಡೆಯುತ್ತಿತ್ತು. ಗಾಜಿನ ಹತ್ತಿರ ಆ ಆಟ ನಡೆಯಲಿಲ್ಲ. ಐಲೀನಳ ಕಾವಲಿಗಳು ಅದರ ಮೇಲೆ ಬುಗುರಿಯಂತೆ ತಿರುಗಿದವು. ಮೊಟ್ಟೆ ಹಾಕಿದರೆ ಅಂಚಿಗೆ ಹರಿದು ಹೋಗಿ ಒಂದು ಕಡೆ ಸೀದಿತು, ಇನ್ನೊಂದು ಕಡೆ ಹಸಿಯಾಗಿಯೇ ಉಳಿಯಿತು. ಕುರಿಮಾಂಸದ ತುಂಡುಗಳ ಕಥೆಯೂ ಅಷ್ಟೇ. ಬೆವರು ಸುರಿಸಿ ದುಡಿಯುವ ಗಂಡಸರು ನಾಲ್ಕು ದಿನ ಸಹಿಸಿದರು. ಆಮೇಲೆ ಅವರ ಪ್ರತಿನಿಧಿ ಡಿನ್ನಿ ತಟ್ಟೆ ಹಿಡಿದು ಅಡುಗೆಮನೆಗೇ ಬಂದ.

"ನೋಡಕ್ಕಾ, ನನಗೇನೂ ನಿನ್ನ ಮೇಲೆ ದ್ವೇಷ ಇಲ್ಲ. ಆದ್ರೆ ಹುಡುಗ್ರು ಸುಮ್ನಿರಲ್ಲ. ಶುಕ್ರವಾರ ಬೆಳಿಗ್ಗೆ ತಿಂಡಿ ಆದ್ಮೇಲೆ ಮತ ಹಾಕ್ತೀವಿ."

"ಹಾಕ್ರಪ್ಪ, ಹಾಕಿ," ಎಂದಳು ಐಲೀನ್. ಅವನು ಹೋದ ಮೇಲೆ ಹಿಟ್ಟಿನ ಮೂಟೆಯ ಮೇಲೆ ಕುಸಿದು ಕೂತಳು. ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗುವುದು?

ತಂಡದ ಕತ್ತರಿಗಳ ಅಲಗು ಮಸೆದುಕೊಡುವ ಕ್ಲೆಮ್ ಟೀ ಕುಡಿಯಲು ಬಂದವನು ಅವಳ ಮುಖ ನೋಡಿದ, ಕಾವಲಿ ನೋಡಿದ. ತಿರುಗಿಸಿ, ತಳದ ಮೇಲೆ ತನ್ನ ಉಕ್ಕಿನ ಅಳತೆಪಟ್ಟಿ ಇಟ್ಟ. ಪಟ್ಟಿ ಏತದಂತೆ ಆಡಿತು.

"ಬಸುರಿ ಹೊಟ್ಟೆ ಥರ ಉಬ್ಬಿದೆಯಲ್ಲಕ್ಕ. ಸುಡೋ ಕಾವಲೀನ ಹಾಗೇ ನಲ್ಲಿ ಕೆಳಗೆ ಹಿಡೀತೀಯಾ?"

"ಹಿಡೀದೆ? ನಿಮ್ಮ ಗಂಟೆ ಹೊಡೆಯೋದ್ರೊಳಗೆ ಮುಂದಿನ ತಿಂಡಿ ಆಗ್ಬೇಕಲ್ಲ. ಅದು ತಣ್ಣಗಾಗ್ಲಿ ಅಂತ ಜೋಗುಳ ಹಾಡ್ತಾ ಕೂರ್ಲಾ?"

"ಅದಕ್ಕೇ ಸೊಟ್ಟಗಾಗಿರೋದು." ಕ್ಲೆಮ್ ಪಟ್ಟಿಯನ್ನು ಅವಳ ಕೈಗಿಟ್ಟ. "ಇದನ್ನ ತಗೊಂಡು ಪೇಟೆಗೆ ಹೋಗು. ದಪ್ಪ ತಳದ್ದು ನೋಡು. ತಣ್ಣಗಿದ್ದಾಗ ತಳದ ಮಧ್ಯೆ ಒಂದು ಕೂದಲೆಳೆ ಒಳಕ್ಕೆ ಹೋಗಿರ್ಬೇಕು, ಕಾದಾಗ ಹಿಗ್ಗಿ ಸಮ ಆಗತ್ತೆ. ಹೊರಕ್ಕೆ ಉಬ್ಬಿರೋದನ್ನ ಬಿಟ್ಟಿ ಕೊಟ್ರೂ ಮುಟ್ಟಬೇಡ."

ಗುರುವಾರ ಮಧ್ಯಾಹ್ನದ ಊಟ ಮುಗಿಸಿ, ಧೂಳಿನ ದಾರಿಯಲ್ಲಿ ಲಾರಿಯವನ ಪಕ್ಕ ಕೂತು ಐಲೀನ್ ಪೇಟೆ ಸೇರಿದಳು. ಅಂಗಡಿಯಲ್ಲಿದ್ದ ಕಾವಲಿಗಳನ್ನೆಲ್ಲ ಇಳಿಸಿ ನೆಲದ ಮೇಲೆ ಬೋರಲು ಹಾಕಿದಳು. ಹೂವಿನ ಚಿತ್ರದವು ಹೆಬ್ಬೆರಳಿಗೇ ಬಗ್ಗಿದವು. ಇನ್ನು ಕೆಲವಕ್ಕೆ ಹಿಡಿ ಸಡಿಲ. ಉಳಿದವುಗಳ ಮೇಲೆ ಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ ಇಟ್ಟು ಕಿಟಕಿಯ ಬೆಳಕಿಗೆ ಒಂದು ಕಣ್ಣು ಮುಚ್ಚಿ ನೋಡಿದಳು.

ಅಂಗಡಿಯವನು ಕೌಂಟರಿನ ಮೇಲೆ ಮೊಣಕೈ ಊರಿ ಕೇಳಿದ. "ನೀವು ಕಾವಲಿ ತಗೊಳ್ತಿದೀರೋ ಮನೆಗೆ ಪಾಯ ಹಾಕ್ತಿದೀರೋ?"

"ನನಗೆ ಈಗ ಎರಡೂ ಒಂದೇ ಕಣಪ್ಪ."

ಕೊನೆಗೆ ಸಿಕ್ಕವು ಎರಡು. ಕಪ್ಪಗೆ, ಅಂದಚೆಂದವಿಲ್ಲದೆ, ಎತ್ತಿದರೆ ಮಣಿಕಟ್ಟು ನೋಯುವಷ್ಟು ಭಾರವಾಗಿದ್ದವು. ಪಟ್ಟಿಯ ಕೆಳಗೆ ನಡುವೆ ಮಾತ್ರ ಬೆಳಕಿನ ಸಣ್ಣ ಗೆರೆ ಕಂಡಿತು.

ಶುಕ್ರವಾರ ಬೆಳಿಗ್ಗೆ ಒಲೆಯನ್ನು ಸಣ್ಣಗೆ ಇಟ್ಟು, ಜೀವಮಾನದಲ್ಲಿ ಎಂದೂ ಕಾಯದಷ್ಟು ತಾಳ್ಮೆಯಿಂದ ಕಾದಳು. ಬೆರಳಿಂದ ತಳ್ಳಿ ನೋಡಿದಳು. ಕಾವಲಿ ಅಲ್ಲಾಡಲಿಲ್ಲ. ಮೊಟ್ಟೆ ಒಡೆದು ಹಾಕಿದಳು. ಅದು ಹಾಕಿದ ಕಡೆಯೇ ದುಂಡಗೆ ನಿಂತು, ಸುತ್ತಲೂ ಒಂದೇ ಹದದಲ್ಲಿ ಬೆಂದಿತು. ಅದನ್ನು ನೋಡಿ ಅವಳಿಗೆ ಅರ್ಧ ಉಸಿರು ಬಂತು. ಉಳಿದರ್ಧ ಆ ಗಂಡಸರ ಕೈಯಲ್ಲಿತ್ತು.

ಮತ ಹಾಕುವಾಗ ಅಡುಗೆಯವಳು ಎದುರಿಗಿರಬಾರದು. ಐಲೀನ್ ಅಡುಗೆಮನೆಗೆ ಹೋಗಿ ಜಾಲರಿ ಬಾಗಿಲು ಎಳೆದುಕೊಂಡು, ಬೆನ್ನು ಹಾಕಿ ನಿಂತಳು. ಆಚೆ ಚಮಚಗಳ ಸದ್ದು ನಿಂತಿತು. ಡಿನ್ನಿ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು.

"ಬೇರೆ ಅಡುಗೆಯವರು ಬೇಕು ಅನ್ನೋರು ಎದ್ದು ನಿಂತ್ಕೊಳ್ಳಿ."

ಯಾವ ಸದ್ದೂ ಇಲ್ಲ. ಅವಳು ಸೊಂಟಕ್ಕೆ ಕಟ್ಟಿಕೊಂಡಿದ್ದ ಏಪ್ರನ್ನನ್ನು ಹಿಂಡುತ್ತ ಕಿವಿಗೊಟ್ಟಳು. ಆಗ ಬೆಂಚೊಂದು ನೆಲಕ್ಕೆ ಉಜ್ಜಿದ ಶಬ್ದವಾಯಿತು. ಒಬ್ಬ ಎದ್ದರೆ ಉಳಿದವರು ಏಳಲು ಎಷ್ಟು ಹೊತ್ತು?

"ಯಾಕೋ ಡಿನ್ನಿ ಕೂತ್ಬಿಟ್ಟೆ?" ಯಾರೋ ಕೇಳಿದರು.

"ಮತ್ತೇನ್ ಮಾಡ್ಲಿ? ನೋಡಿದ್ರೆ ನಾನೊಬ್ನೇ ನಿಂತಿದೀನಿ."

ನಗು ತಗಡಿನ ಚಾವಣಿ ಹಾರುವಂತೆ ಎದ್ದಿತು. ಐಲೀನಳಿಗೆ ಹೋದ ಜೀವ ಬಂದಂತಾಯಿತು. ಒಲೆಯ ಪಕ್ಕದ ಕಟ್ಟೆ ಹಿಡಿದುಕೊಂಡಳು. ಅಷ್ಟರಲ್ಲಿ ಡಿನ್ನಿ ಜಾಲರಿ ಬಾಗಿಲು ತಳ್ಳಿ ಖಾಲಿ ತಟ್ಟೆ ಚಾಚಿದ.

"ಇನ್ನೊಂದು ಮೊಟ್ಟೆ ಹಾಕಕ್ಕಾ. ಬೇಗ, ಗಂಟೆ ಹೊಡೀತಾರೆ."

"ಕಾವಲಿ ಕಾಯ್ಬೇಕು, ತಡಿಯೋ. ನಿನಗ್ಯಾಕಷ್ಟು ಅವಸರ," ಎನ್ನುತ್ತ ಅವಳು ಕಾವಲಿಯನ್ನು ಒಲೆಯ ಮೇಲಿಟ್ಟಳು. "ನಾನೆಲ್ಲೂ ಹೋಗ್ತಿಲ್ವಲ್ಲ."