ಗಾಳಿ ಎಡವದ ಹಾಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹದಿನಾಲ್ಕನೇ ನಂಬರಿನ ಗಾಳಿಯಂತ್ರವನ್ನು ನಿಲ್ಲಿಸಿ, ಅದರ ಮೂರು ರೆಕ್ಕೆಗಳಲ್ಲಿ ಒಂದನ್ನು ನೆಟ್ಟಗೆ ನೆಲದ ಕಡೆ ತಿರುಗಿಸಿದ್ದಾರೆ. ಎಂಬತ್ತೈದು ಮೀಟರ್ ಮೇಲಿನಿಂದ ಎರಡು ಹಗ್ಗಗಳನ್ನು ನಂಬಿ ಇಳಿಯುತ್ತಿರುವ ಹೆಂಗಸಿಗೆ ನಲವತ್ತನಾಲ್ಕು ವರ್ಷ. ಜೊತೆಯವರಿಗೆಲ್ಲ ಅವರು ನುಣುಪಕ್ಕ. ಸೊಂಟದ ಚೀಲದಲ್ಲಿ ನಾಲ್ಕು ಬಗೆಯ ಉಪ್ಪುಕಾಗದ, ಒಂದು ಒದ್ದೆ ಬಟ್ಟೆ, ಅರ್ಧ ಲೀಟರ್ ನೀರು. ಹೆಚ್ಚು ನೀರು ಒಯ್ಯುವುದಿಲ್ಲ. ನಾಲ್ಕು ತಾಸು ನೇತಾಡುವ ಜಾಗದಲ್ಲಿ ಕುಡಿದಷ್ಟೂ ಪೇಚಾಟ.

ಇವತ್ತು ಅವರು ಹೊಸ ಕೆಲಸಕ್ಕೆ ಹತ್ತಿಲ್ಲ. ಹನ್ನೆರಡು ದಿನದ ಹಿಂದೆ ತಾವೇ ಮಾಡಿದ ಕೆಲಸದಲ್ಲಿ ತಪ್ಪು ಹುಡುಕಲು ಹತ್ತಿದ್ದಾರೆ.

ರೆಕ್ಕೆಯ ತುದಿ ಗಂಟೆಗೆ ಇನ್ನೂರೈವತ್ತು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಓಡುತ್ತದೆ. ಆ ಓಟಕ್ಕೆ ಮಳೆಹನಿ ಕಲ್ಲಾಗುತ್ತದೆ, ಮರಳಿನ ಕಣ ಉಳಿಯಾಗುತ್ತದೆ. ನಾಲ್ಕೈದು ವರ್ಷದಲ್ಲಿ ರೆಕ್ಕೆಯ ಮುಂಗಡೆ ಅಂಚು ಕಿತ್ತು ಒರಟಾಗುತ್ತದೆ. ಅದನ್ನು ಉಜ್ಜಿ, ಪುಟ್ಟಿ ತುಂಬಿ, ಮತ್ತೆ ಉಜ್ಜಿ, ಮೇಲೆ ಲೇಪ ಕೊಡುವುದು ನುಣುಪಕ್ಕನ ಕೆಲಸ. ದಿನಕ್ಕೆ ಮೂವತ್ತು ಹಾಳೆ ಉಪ್ಪುಕಾಗದ ಸವೆಯುತ್ತದೆ.

"ಗಾಳಿ ರೆಕ್ಕೆ ಮೈಗೆ ಅಂಟಿಕೊಂಡೇ ಹಿಂದಿನ ಅಂಚಿನ ತನಕ ಜಾರಿ ಹೋಗ್ಬೇಕು. ಮುಂದುಗಡೆನೇ ತರಕಲಿದ್ರೆ ಅಲ್ಲೇ ಎಡವಿ ಚೆಲ್ಲಾಪಿಲ್ಲಿ ಆಗುತ್ತೆ. ಆಮೇಲೆ ರೆಕ್ಕೆನ ಎತ್ತೋ ಬಲ ಕಮ್ಮಿ, ಹಿಡಿದು ಎಳೆಯೋದು ಜಾಸ್ತಿ," ಎನ್ನುತ್ತಾರೆ. ಇದನ್ನು ಅವರಿಗೆ ಯಾವ ತರಗತಿಯೂ ಕಲಿಸಿಲ್ಲ. ಕಾರುಗಳ ನೆಗ್ಗು ತೆಗೆದು ಬಣ್ಣ ಹೊಡೆಯುವ ಶೆಡ್ಡಿನಲ್ಲಿ ಹದಿನೇಳು ವರ್ಷ ಉಜ್ಜಿದವರು. ಶೆಡ್ಡು ಮುಚ್ಚಿದ ಮೇಲೆ ಹಗ್ಗದ ತರಬೇತಿಗೆ ಸೇರಿ, ಮೊದಲ ದಿನ ಮೇಲಿಂದಲೇ ವಾಂತಿ ಮಾಡಿಕೊಂಡರು. ಅದಾಗಿ ಏಳು ವರ್ಷ. ಈಗಲೂ ಹತ್ತುವ ದಿನ ತಿಂಡಿ ಮುಟ್ಟುವುದಿಲ್ಲ. ಅತ್ತೆಯ ಬೈಗುಳವೇ ಆ ದಿನದ ತಿಂಡಿ.

ತಳಮಳ ಶುರುವಾದದ್ದು ಹನ್ನೆರಡು ದಿನದ ಹಿಂದೆ. ಮೋಡ ಕವಿಯುತ್ತಿತ್ತು, ಮೇಸ್ತ್ರಿ ಕೆಳಗಿನಿಂದ ಅವಸರ ಮಾಡುತ್ತಿದ್ದರು. ತುದಿಯ ಕಡೆ ಆರು ಮೀಟರ್ ಉದ್ದಕ್ಕೆ ಲೇಪ ಬಳಿದು, ಅಂಚನ್ನು ಒಮ್ಮೆ ಸವರಿ ನೋಡಿ ಇಳಿದರು. ಸವರಿದ್ದು ಕೈಗವಸು ಹಾಕಿಕೊಂಡೇ. ಮನೆಗೆ ಹೋದ ಮೇಲೆ ಅದು ನೆನಪಾಯಿತು. ವಾರ ಕಳೆಯುವಷ್ಟರಲ್ಲಿ ಕಚೇರಿಯಿಂದ ಸುದ್ದಿ ಬಂತು: ಅಕ್ಕಪಕ್ಕದ ಯಂತ್ರಗಳು ನೂರು ಯೂನಿಟ್ ವಿದ್ಯುತ್ ಕೊಟ್ಟರೆ ಹದಿನಾಲ್ಕನೆಯದು ಕೊಡುವುದು ತೊಂಬತ್ತೆಂಟು. ಅಳೆಯುವ ಸಾಧನದ್ದೇ ತಪ್ಪಿರಬೇಕು, ಮಳೆಗಾಲ ಮುಗಿಯಲಿ ನೋಡೋಣ ಎಂದುಬಿಟ್ಟರು ಇಂಜಿನಿಯರ್.

ನುಣುಪಕ್ಕನಿಗೆ ಅನ್ನ ಸೇರಲಿಲ್ಲ. ಮೊದಲು ನಾದಿನಿಯ ಹತ್ತಿರ ಹೇಳಿಕೊಂಡರು. ನಾದಿನಿಯೂ ಇದೇ ತಂಡದವಳು. ನೆಲದ ಮೇಲೆ ನಿಂತು ಗಾಳಿಯ ವೇಗ ಅಳೆಯುವುದು, ಕಾವಲು ಹಗ್ಗ ನೋಡಿಕೊಳ್ಳುವುದು ಅವಳ ಪಾಲಿನ ಕೆಲಸ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ನೀವು ಎಂದು ಮೊದಲು ನಕ್ಕಳು. ನಗು ನಿಂತ ಮೇಲೆ, "ಯಾರೂ ಕೇಳಿಲ್ಲ ಅತ್ತಿಗೆ. ಇರಲಾರದೆ ಇರುವೆ ಯಾಕೆ ಬಿಟ್ಕೊಳ್ತೀರಿ?" ಎಂದಳು.

ಅವಳು ಹೆದರಿದ್ದರಲ್ಲಿ ಅರ್ಥವಿತ್ತು. ಯಂತ್ರ ನಿಲ್ಲಿಸಬೇಕಾದರೆ ಕಾರಣ ಬರೆಯಬೇಕು. 'ಕೆಲಸದ ದೋಷ' ಎಂದು ಬರೆದರೆ ಅದು ನುಣುಪಕ್ಕನ ಹಗ್ಗದ ಕಾರ್ಡಿನ ಮೇಲೆ, ಅಂದರೆ ಹತ್ತುವ ಪರವಾನಗಿಯ ಮೇಲೆ ಬೀಳುತ್ತದೆ. ಮೂರು ವರ್ಷದ ಹಿಂದೆ, ಗಾಳಿ ಎದ್ದರೂ ಇಳಿಯಲು ತಡ ಮಾಡಿದ್ದಕ್ಕೆ ಆಗಲೇ ಒಂದು ಟಿಪ್ಪಣಿ ಬಿದ್ದಿದೆ. ಎರಡಾದರೆ ಕಾರ್ಡು ಹೋಗಬಹುದು. ಈ ವಯಸ್ಸಿಗೆ ಹೊಸ ಕಾರ್ಡು ಯಾರೂ ಕೊಡುವುದಿಲ್ಲ. ಆದರೆ ಮಳೆ ಶುರುವಾಗಿ, ಆ ಅಂಚಿಗೆ ನೀರು ಉಗುರು ಹಾಕಿದರೆ ಲೇಪವೆಲ್ಲ ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ಎರಡು ದಿನ ತೊಳಲಾಡಿ, ಮೂರನೇ ದಿನ ಮೇಸ್ತ್ರಿಯ ಮುಂದೆ ಹೋಗಿ ನಿಂತರು. ಮೇಸ್ತ್ರಿ ಸಿಡಿಮಿಡಿಗೊಂಡರು, ಆಮೇಲೆ ಸುಮ್ಮನೆ ಬರೆದುಕೊಂಡರು.

ಈಗ ಅವರು ಆ ಜಾಗಕ್ಕೆ ಇಳಿದಿದ್ದಾರೆ. ಬಲಗೈಯ ಗವಸು ಕಳಚಿ ಬೆರಳು ಇಡುತ್ತಾರೆ. ಲೇಪದ ನಡುವೆಲ್ಲ ಗಾಜಿನಷ್ಟು ನುಣುಪು. ಅಂಚಿಗೆ ಬಂದಾಗ ಬೆರಳು ತಡೆಯುತ್ತದೆ. ಉಗುರಿನಷ್ಟು ದಪ್ಪದ ಏಣು, ಆರು ಮೀಟರ್ ಉದ್ದಕ್ಕೂ. ಕಣ್ಣಿಗೆ ಕಾಣುವುದೇ ಇಲ್ಲ.

"ನಂದೇ," ಎನ್ನುತ್ತಾರೆ ವಾಕಿಟಾಕಿಯಲ್ಲಿ.

ಕೆಳಗೆ ನಾದಿನಿ ಗಾಳಿಯ ಅಂಕಿ ಮಾತ್ರ ಕೂಗುತ್ತಾಳೆ. ಆರು. ಆರೂವರೆ. ಸೆಕೆಂಡಿಗೆ ಹತ್ತು ಮೀಟರ್ ಮುಟ್ಟಿದರೆ ಇಳಿಯಲೇಬೇಕು. ಒರಟಾದ ಎಂಬತ್ತರ ಕಾಗದ, ನೂರಿಪ್ಪತ್ತರದು, ಆಮೇಲೆ ನಯವಾದ ಇನ್ನೂರ ನಲವತ್ತರದು: ನುಣುಪಕ್ಕನ ಕೈ ನಿಲ್ಲುವುದಿಲ್ಲ. ನಾಲ್ಕು ಮೀಟರ್ ಮುಗಿಯುವ ಹೊತ್ತಿಗೆ ಗಾಳಿ ಎಂಟು. ನಾಲ್ಕೂವರೆಗೆ ಬಂದಾಗ ಒಂಬತ್ತೂವರೆ. ಹಗ್ಗ ತೊನೆಯುತ್ತದೆ, ರೆಕ್ಕೆಗೆ ಮೊಣಕಾಲು ಬಡಿಯುತ್ತದೆ. ಇನ್ನು ಒಂದೂವರೆ ಮೀಟರ್ ಅಷ್ಟೇ.

"ಹತ್ತು. ಇಳೀರಿ ಅತ್ತಿಗೆ."

ನುಣುಪಕ್ಕನ ಬೆರಳು ಉಳಿದ ಏಣಿನ ಮೇಲೆ ಒಮ್ಮೆ ಓಡುತ್ತದೆ. ನಾದಿನಿ ಕಾವಲು ಹಗ್ಗವನ್ನು ಬಿಗಿಯಾಗಿ ಹಿಡಿಯುತ್ತಾಳೆ. ಆಮೇಲೆ ಹಗ್ಗ ಸರಿಯತೊಡಗುತ್ತದೆ. ನುಣುಪಕ್ಕ ನೆಲ ಮುಟ್ಟುತ್ತಾರೆ. ನಾದಿನಿ ಬೈಯುತ್ತಲೇ ಅವರ ಕೊಂಡಿಗಳನ್ನು ಬಿಚ್ಚುತ್ತಾಳೆ.

ಮೂರು ದಿನ ಗಾಳಿ ಇಳಿಯುವುದಿಲ್ಲ. ನಾಲ್ಕನೇ ದಿನ ಉಳಿದ ಒಂದೂವರೆ ಮೀಟರ್ ಉಜ್ಜಿ, ಹೊಸ ಲೇಪ ಕೊಟ್ಟು, ಅದು ಒಣಗುವ ತನಕ ಬುಡದಲ್ಲೇ ಕೂತಿರುತ್ತಾರೆ. ವಾರ ಕಳೆದ ಮೇಲೆ ಕಚೇರಿಯ ಅಂಕಿ ಬರುತ್ತದೆ: ಹದಿನಾಲ್ಕನೆಯದು ನೆರೆಯವರಿಗೆ ಸರಿಸಮ. ಅಳೆಯುವ ಸಾಧನದ ಮಾತನ್ನು ಇಂಜಿನಿಯರ್ ಮತ್ತೆ ಎತ್ತುವುದಿಲ್ಲ.

ಕಾರ್ಡಿನ ಮೇಲೆ ಎರಡನೇ ಟಿಪ್ಪಣಿ ಬಿದ್ದಿದೆ. ಕಾರ್ಡನ್ನು ಉಳಿಸುವುದೋ ಕಿತ್ತುಕೊಳ್ಳುವುದೋ ಎಂಬುದು ಮಳೆಗಾಲದ ನಂತರ ತೀರ್ಮಾನವಾಗುತ್ತದಂತೆ. ಅಲ್ಲಿಯವರೆಗೆ ಹತ್ತಬಹುದು. ಮುಂಗಾರಿನ ಮೋಡಗಳು ಬಂದು ನಿಂತಿವೆ. ಆ ಟಿಪ್ಪಣಿ ತೆಗೆಸಲು ಅರ್ಜಿ ಕೊಡಿ ಎಂದು ತಂಡದವರೆಲ್ಲ ದುಂಬಾಲು ಬಿದ್ದಿದ್ದಾರೆ. ನುಣುಪಕ್ಕ ಕಾರ್ಡನ್ನು ಪ್ಲಾಸ್ಟಿಕ್ ಕವರಿಗೆ ಸೇರಿಸುತ್ತಾರೆ.

"ಇರಲಿ ಬಿಡಿ," ಎನ್ನುತ್ತಾರೆ. "ಸುಳ್ಳೇನೂ ಬರೆದಿಲ್ವಲ್ಲ. ನಾನೇ ಹೇಳಿ ಬರೆಸಿದ್ದು."